ಸ್ಲೇಟಿನ ಮೇಲೆ ಕರ್ನೆಲ್

ಕೇರಳದ ಸರಕಾರಿ ಶಾಲೆಗಳಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಬಳಸುವ ಗಣಕಯಂತ್ರಗಳು ನಡೆಯುವುದು ಗ್ನೂ/ಲಿನಕ್ಸಿನ ಮೇಲೆ. ಯಂತ್ರದ ಸ್ಮೃತಿ, ಡಿಸ್ಕ್, ಪ್ರೊಸೆಸರುಗಳನ್ನು ಉಳಿದ ತಂತ್ರಾಂಶಗಳಿಗೆ ಹಂಚಿಕೊಡುವ ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ಅದು ಜಿಪಿಎಲ್ ಎಂಬ ಪರವಾನಗಿಯ ಅಡಿಗೆ ಬಂತು. ಆ ಪರವಾನಗಿಯಂತೆ, ಕರ್ನೆಲನ್ನು ಪಡೆದ ಯಾರೇ ಆಗಲಿ ಅದರ ಮೂಲಪಾಠವನ್ನು ಓದಬಹುದು, ತಿದ್ದಬಹುದು, ಅದೇ ಷರತ್ತಿನಲ್ಲಿ ಇತರರಿಗೆ ಹಂಚಬಹುದು. ಚಲಾಯಿಸದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಇಲ್ಲಿ ಹಕ್ಕನ್ನು ಚಲಾಯಿಸುವ ಮಾರ್ಗವೆಂದರೆ ಮೂಲಪಾಠವನ್ನು ನಾವೇ ಕಂಪೈಲ್ ಮಾಡುವುದು, ಅಂದರೆ ಯಂತ್ರಕ್ಕೆ ತಿಳಿಯುವ ಸಂಕೇತಗಳಿಗೆ ಪರಿವರ್ತಿಸುವುದು.

ಈ ಕೆಲಸದಲ್ಲಿ ಸಾವಿರಾರು ಸಣ್ಣ ಕಡತಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಬೇಡವಾಗುತ್ತವೆ. ಇವನ್ನೆಲ್ಲ ಡಿಸ್ಕಿನಲ್ಲಿ ಬರೆಯುವ ಬದಲು ಟಿಎಂಪಿಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಇಡಬಹುದು. ಅದು ನೆಲೆಸುವುದು ರ‍್ಯಾಮ್ ಸ್ಮೃತಿಯಲ್ಲಿ. ಡಿಸ್ಕ್ ಶಾಯಿಯಲ್ಲಿ ಬರೆದ ಪುಸ್ತಕವಾದರೆ ಇದು ಬಳಪದಲ್ಲಿ ಬರೆದ ಸ್ಲೇಟು. ವಿದ್ಯುತ್ತು ಹೋದರೆ ಒಂದಕ್ಷರವೂ ಉಳಿಯದು.

ಇದರಿಂದ ವೇಗ ಬಹಳ ಹೆಚ್ಚುವುದೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಬೇರೆ. ಕಂಪೈಲ್ ಮಾಡುವಾಗ ಹೆಚ್ಚಿನ ದುಡಿಮೆ ಪ್ರೊಸೆಸರಿನದು. ಮೇಲಾಗಿ, ಒಮ್ಮೆ ಓದಿದ ಕಡತವನ್ನು ಖಾಲಿ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ರೂಢಿ ಲಿನಕ್ಸಿಗೆ ಮೊದಲೇ ಇದೆ. ಆದುದರಿಂದ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಉಳಿಯುವ ಸಮಯ ಅತ್ಯಲ್ಪ. ಹಳೆಯ ತಿರುಗುಡಿಸ್ಕಿನಲ್ಲಿ ತುಸು ಹೆಚ್ಚಿರಬಹುದು. ನಿಶ್ಚಿತವಾದ ಲಾಭ ಬೇರೆಯದು: ಬರೆದಷ್ಟೂ ಸವೆಯುವ ಎಸ್‌ಎಸ್‌ಡಿಗೆ ಅನಗತ್ಯ ಬರಹದ ಹೊರೆ ತಪ್ಪುತ್ತದೆ.

ಅಪಾಯ ಇರುವುದು ಸ್ಮೃತಿಯ ಅಳತೆಯಲ್ಲಿ. ಟಿಎಂಪಿಎಫ್‌ಎಸ್ ತಾನಾಗಿ ವಿಧಿಸಿಕೊಳ್ಳುವ ಮಿತಿ ರ‍್ಯಾಮಿನ ಅರ್ಧದಷ್ಟು. 4 ಜಿಬಿಯ ಯಂತ್ರದಲ್ಲಿ ಅದು 2 ಜಿಬಿ ಮಾತ್ರ; ಎಲ್ಲ ಮಾಡ್ಯೂಲುಗಳೊಡನೆ ಕಂಪೈಲ್ ಮಾಡಹೊರಟರೆ ಅದು ಸಾಲದು. ಮಿತಿಯನ್ನು ಹಿಗ್ಗಿಸಿದರೆ ಕಡತಗಳು ಸ್ವಾಪಿನ ಮೂಲಕ ಪುನಃ ಡಿಸ್ಕನ್ನೇ ಸೇರುತ್ತವೆ, ಮಾಡಿದ ಏರ್ಪಾಡು ನಿರರ್ಥಕವಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಸದ್ಯ ಬಳಕೆಯಲ್ಲಿರುವ ಮಾಡ್ಯೂಲುಗಳನ್ನಷ್ಟೇ ಆರಿಸುವ ‘ಲೋಕಲ್‌ಮಾಡ್‌ಕಾನ್ಫಿಗ್’ ಆದೇಶದಿಂದ ಕೆಲಸ ಬಹುಪಾಲು ತಗ್ಗುತ್ತದೆ. ಆದರೆ ಮುಂದೆ ಬೇಕಾಗುವ ಪ್ರಿಂಟರು, ಪೆನ್‌ಡ್ರೈವ್‌ಗಳನ್ನು ಆಗಲೇ ಜೋಡಿಸಿಟ್ಟಿರಬೇಕು. ಮೂಲಪಾಠವನ್ನು ಡಿಸ್ಕಿನಲ್ಲಿಯೇ ಬಿಟ್ಟು, ಹೊಸದಾಗಿ ಹುಟ್ಟುವ ಕಡತಗಳಿಗೆ ಮಾತ್ರ ಸ್ಮೃತಿಯಲ್ಲಿ ಜಾಗ ಕೊಡುವುದು ಎರಡನೆಯದು.

ಹೆತ್ತವರಲ್ಲಿ ಒಂದು ಮಾತು. ಮಗು ಇಂಥ ಪ್ರಯೋಗಕ್ಕೆ ಮುಂದಾದರೆ ‘ಯಂತ್ರ ಕೆಟ್ಟೀತು’ ಎಂದು ತಡೆಯಬೇಡಿ. ಮನೆಯ ಮುಖ್ಯ ಕಡತಗಳ ಪ್ರತಿಯೊಂದನ್ನು ಮೊದಲು ಬೇರೆಡೆ ತೆಗೆದಿಡಿ. ಹಳೆಯ ಕರ್ನೆಲನ್ನು ಅಳಿಸದಿದ್ದರೆ, ಹೊಸದು ಏಳದಿದ್ದಾಗ ಬೂಟ್ ಪಟ್ಟಿಯಿಂದ ಹಳೆಯದನ್ನೇ ಆರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಆದಕಾರಣ ಕೆಲಸ ಮುಗಿದೊಡನೆ ಸಿದ್ಧವಾದ ಕರ್ನೆಲನ್ನೂ ಮಾಡ್ಯೂಲುಗಳನ್ನೂ ಡಿಸ್ಕಿಗೆ ಇಳಿಸಿಕೊಳ್ಳಲು ಮಗುವಿಗೆ ಹೇಳಿಕೊಡಿ. ಸ್ಲೇಟಿನಲ್ಲಿ ಬಿಡಿಸಿದ ಲೆಕ್ಕದ ಉತ್ತರವನ್ನು ಪುಸ್ತಕಕ್ಕೆ ಇಳಿಸುವವರೆಗೆ ಅದು ನಮ್ಮದಲ್ಲ.