ಖಾದಿ ಎಂಬ ಶಬ್ದದ ಬೆಲೆ

ಯಾವುದಾದರೂ ಸಂಗತಿ ನಮ್ಮ ಬಾಳಿನಲ್ಲಿ ಬೆರೆತುಹೋದಾಗ ಅದು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯು ಅಡ್ಡಲಾಗಿ ಒಯ್ಯುವ ನೂಲು ಹೊಕ್ಕು ಎಂಬುದು ಹಾಗೆನ್ನುವವರಲ್ಲಿ ಎಷ್ಟು ಮಂದಿಗೆ ನೆನಪಿದ್ದೀತು? ಕಸುಬು ದೂರವಾದಂತೆ ಅದರ ಶಬ್ದ ಬರಿಯ ನುಡಿಗಟ್ಟಾಗಿ ಉಳಿಯುವುದು ಭಾಷೆಯ ಸಹಜ ಗತಿ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಕೆಲವು ಶಬ್ದಗಳು ಸಡಿಲವಾದರೆ ಅವುಗಳನ್ನು ನಂಬಿದವರ ಕೂಲಿಗೇ ಸಂಚಕಾರ ಬರುತ್ತದೆ. ‘ಖಾದಿ’ ಅಂಥದೊಂದು ಶಬ್ದ.

1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಶಾಸನವು ಇದಕ್ಕೆ ಖಚಿತವಾದ ಅರ್ಥವನ್ನು ಕೊಟ್ಟಿದೆ. ಹತ್ತಿ, ರೇಷ್ಮೆ, ಉಣ್ಣೆ ಅಥವಾ ಇವುಗಳ ಮಿಶ್ರಣದಿಂದ ಭಾರತದಲ್ಲಿ ಕೈಯಿಂದ ನೂತ ನೂಲನ್ನು ಭಾರತದ ಕೈಮಗ್ಗದಲ್ಲಿಯೇ ನೇಯ್ದರೆ ಅದು ಖಾದಿ. ಕೈಮಗ್ಗದ ಬಟ್ಟೆಗೆ ಗಿರಣಿಯ ನೂಲು ನಡೆಯುತ್ತದೆ, ಖಾದಿಗೆ ನಡೆಯದು. ನೇಯುವವನಿಗೂ ಮೊದಲು ನೂಲುವವಳ ಪಾಲು ಅದರಲ್ಲಿದೆ. ಕೈಮಗ್ಗದ ಬಟ್ಟೆಯನ್ನೆಲ್ಲ ಖಾದಿಯೆಂದು ಕರೆಯುವಾಗ ನಾವು ಮರೆಯುವುದು ಆಕೆಯನ್ನೇ.

ಈ ಮಾತು ಇಂದು ಪ್ರಸ್ತುತವಾಗಿರುವುದು ರಾಷ್ಟ್ರಧ್ವಜದ ನಿಮಿತ್ತವಾಗಿ. 2002ರ ಧ್ವಜಸಂಹಿತೆಯಂತೆ ಧ್ವಜದ ಬಟ್ಟೆ ಕೈನೂಲಿನದೂ ಕೈಮಗ್ಗದ್ದೂ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಸಮ್ಮತಿಯಿತ್ತಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಗೂ ಧ್ವಜ ಬೇಕಾಯಿತು. ಅಷ್ಟನ್ನು ಅಗ್ಗದ ಬೆಲೆಗೆ, ಅಲ್ಪಕಾಲದಲ್ಲಿ ಚರಕದಿಂದ ಒದಗಿಸುವುದು ಅಸಾಧ್ಯವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಬಡವನ ಮನೆಯ ಮೇಲೂ ಧ್ವಜ ಹಾರಲೆಂಬ ಆಸೆ ಹೀನವಾದುದಲ್ಲ.

ಆದರೆ ಈ ಸೌಲಭ್ಯದ ಬೆಲೆ ತೆತ್ತವರು ಯಾರು? ಧಾರವಾಡದ ಗರಗ, ಹುಬ್ಬಳ್ಳಿಯ ಬೆಂಗೇರಿ ಧ್ವಜದ ಕೆಲಸಕ್ಕೆ ಹೆಸರಾದ ಸ್ಥಳಗಳು. ಬೆಂಗೇರಿಯ ಖಾದಿ ಸಂಘ 1957ರಲ್ಲಿ ಹುಟ್ಟಿದ್ದು. ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಖಾದಿ ಧ್ವಜದ ಮಾನಕದಲ್ಲಿ ಎರಡು ಬಟ್ಟೆಗಳ ಹೆಸರಿದೆ: ಹಾರುವ ಭಾಗಕ್ಕೆ ‘ಬಂಟಿಂಗ್’, ಹಗ್ಗ ಹಾಯುವ ಅಂಚಿಗೆ ಗಟ್ಟಿಯಾದ ‘ಡಕ್’. ಈ ‘ಡಕ್’ ಬಾತುಕೋಳಿಯಲ್ಲ. ಬಟ್ಟೆಯೆಂಬ ಅರ್ಥದ ಡಚ್ ಶಬ್ದದಿಂದ ಬಂದುದು. ನೂಲು, ನೇಯ್ಗೆ, ತೂಕ, ಬಣ್ಣ, ಹೊಲಿಗೆ ಎಲ್ಲಕ್ಕೂ ಅಲ್ಲಿ ಕಟ್ಟುನಿಟ್ಟಿನ ಪರೀಕ್ಷೆಯುಂಟು. ಇಷ್ಟು ನಿಷ್ಠೆಯಿಂದ ಮಾಡಿದ ವಸ್ತುವು ಇಂದು ಅಂಗಡಿಯಲ್ಲಿ ಯಂತ್ರದ ಧ್ವಜದೊಡನೆ ಬೆಲೆಯಲ್ಲಿ ಸ್ಪರ್ಧಿಸಬೇಕಾಗಿದೆ.

ಯಂತ್ರದ ಧ್ವಜವನ್ನು ಇಳಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಪ್ರತಿ ಧ್ವಜದ ಮೇಲೂ ಅದರ ಬಟ್ಟೆ ಯಾವುದೆಂದು ನಿಜವಾಗಿ ಬರೆದಿರಲಿ. ಶಾಲೆ, ಕಚೇರಿಗಳಾದರೂ ಖಾದಿಯನ್ನೇ ಕೊಳ್ಳಲಿ. ವರ್ಷಕ್ಕೊಂದೆರಡು ಧ್ವಜ ಕೊಳ್ಳುವ ಶಾಲೆಗೆ ಇದು ದೊಡ್ಡ ಹೊರೆಯಾಗದು; ವರ್ಷವಿಡೀ ಚರಕದ ಮುಂದೆ ಕುಳಿತವಳಿಗೆ ಅದೇ ಅನ್ನ. ವಿದ್ಯಾರ್ಥಿಗಳಿಗೆ ‘ಖಾದಿ’ಯ ಅರ್ಥವನ್ನು ಹೇಳಿಕೊಡುವ ಉಪಾಧ್ಯಾಯರು, ತಮ್ಮ ಶಾಲೆಯ ಧ್ವಜಸ್ತಂಭದಲ್ಲಿ ಹಾರುತ್ತಿರುವುದು ಯಾವ ಬಟ್ಟೆಯೆಂದು ಒಮ್ಮೆ ಮುಟ್ಟಿ ನೋಡಬಾರದೆ?