ಮಳೆಗಾಲದ ಕಪ್ಪೆಗೆ ಮೇಕಪ್ ಯಾಕೆ?

ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ಪತ್ರಿಕೆಗಳ ಪುರವಣಿಗಳಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಕಪ್ಪೆಗಳ ಸುಗ್ಗಿ ಶುರು. ಪಾಚಿ ಹಿಡಿದ ಕೊಂಬೆಯ ಮೇಲೆ ಹಸಿರು ಹಾರುವ ಕಪ್ಪೆ, ಮೈಮೇಲೆ ಪೋಣಿಸಿಟ್ಟಂಥ ಹನಿಗಳು, ಹಿಂದೆ ಕಡುಗಪ್ಪು. ಅಡಿಯಲ್ಲಿ ಒಂದೇ ಸಾಲು: ‘ಮಲೆನಾಡಿನ ಮಳೆ ಸೊಬಗು’. ಇಂಥ ಎಷ್ಟೋ ಚಿತ್ರಗಳಲ್ಲಿ ಇರುವುದು ಸೊಬಗಲ್ಲ, ಸುಳ್ಳು ಎಂಬುದೇ ನಮ್ಮ ತಕರಾರು.

ಕಪ್ಪೆಯನ್ನು ಹಿಡಿದು, ಚೆಂದದ ಕೊಂಬೆ ಹುಡುಕಿ ಕೂರಿಸಿ, ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಫ್ಲ್ಯಾಶ್ ಹೊಡೆದು ತೆಗೆಯುವುದು ಈ ವಲಯದಲ್ಲಿ ಗುಟ್ಟೇನಲ್ಲ. ಯಾರೂ ಆಡದ ಮಾತನ್ನು ವರದಿಗಾರ ಬರೆದುಕೊಂಡು ಬಂದರೆ ಸಂಪಾದಕರು ಕಿವಿ ಹಿಂಡುತ್ತಾರೆ. ಬಾರದ ಮಳೆಯನ್ನು ಬಾಟಲಿಯಿಂದ ಸುರಿಸಿದವರಿಗೆ ಮಾತ್ರ ಬಹುಮಾನ! ಪತ್ರಿಕೋದ್ಯಮ ಓದಿ ಬಂದ ನಮಗೆ ಈ ಎರಡು ಅಳತೆ ಒಪ್ಪಿಗೆಯಿಲ್ಲ. ಚಿತ್ರವೂ ವರದಿಯೇ.

ಸುಳ್ಳಿನ ಬೆಲೆ ತೆರುವುದು ಕಪ್ಪೆ. ಅದು ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ಇಂಬಳಕ್ಕೆಂದು ಹಚ್ಚಿಕೊಂಡ ಹೊಗೆಸೊಪ್ಪು, ಸೊಳ್ಳೆ ಮುಲಾಮು ಎಲ್ಲವೂ ನಮ್ಮ ಕೈಯಿಂದ ಅದರ ಮೈಗೆ ಇಳಿಯುತ್ತವೆ. ಮಳೆಗಾಲವೆಂದರೆ ಅದಕ್ಕೆ ಸಂಸಾರ ಹೂಡುವ ಕಾಲ. ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಮರಿಗಳು ಅಲ್ಲಿಂದ ಜಾರಿ ನೇರ ನೀರಿಗೆ ಬೀಳಬೇಕು. ಕ್ಯಾಮೆರಾಗೆ ಅಡ್ಡ ಬಂತೆಂದು ಆ ಕೊಂಬೆಯನ್ನು ಬಗ್ಗಿಸಿ ಕಟ್ಟಿದರೆ ಅವು ಬೀಳುವುದು ನೆಲಕ್ಕೆ. 2014ರಲ್ಲಿ ವಿಜ್ಞಾನಿಗಳು ಮೊದಲು ವಿವರಿಸಿದ ಕುಂಬಾರ ಕಪ್ಪೆಯ ಗಂಡು, ರಾತ್ರಿ ಹಳ್ಳದಲ್ಲಿ ನಿಂತು ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ. ಅದರ ಮುಖಕ್ಕೆ ಐದಾರು ಟಾರ್ಚ್ ಹಿಡಿದರೆ ಆ ಕೆಲಸ ಸಾಗೀತೇ?

‘ಇಂಥ ಚಿತ್ರ ನೋಡಿಯೇ ಜನ ಕಾಡನ್ನು ಪ್ರೀತಿಸುವುದು’ ಎಂಬ ಉತ್ತರ ಸಿದ್ಧವಿರುತ್ತದೆ. ಪ್ರೀತಿ ಹುಟ್ಟುವುದು ನಿಜ. ಆದರೆ ಸಿಂಗರಿಸಿದ ಕಪ್ಪೆ ನೋಡಿ ಬಂದವರು ಅಂಥದ್ದೇ ಕಪ್ಪೆ ಬೇಕೆನ್ನುತ್ತಾರೆ. ಸಿಗದಿದ್ದರೆ ಅವರ ಕೈಗೂ ಬಾಟಲಿ ಬರುತ್ತದೆ.

ಹಾಗೆ ನೋಡಿದರೆ ಮಳೆಗೆ ನಮ್ಮ ಸಿಂಗಾರ ಬೇಕೇ ಇಲ್ಲ. ಮೋಡ ಕವಿದ ಹಗಲಿನಲ್ಲಿ ಬೆಳಕು ಎಲ್ಲೆಡೆ ಮೆತ್ತಗೆ ಹರಡುತ್ತದೆ, ಕಡು ನೆರಳು ಬೀಳುವುದಿಲ್ಲ. ಪೋಲರೈಸರ್ ಹಾಕಿ ತಿರುಗಿಸಿದರೆ ಒದ್ದೆ ಎಲೆಯ ಹೊಳಪು ಇಳಿದು ಹಸಿರು ಎದ್ದು ಬರುತ್ತದೆ. ಕಪ್ಪು ಮರದ ಕಾಂಡದ ಮುಂದೆ ಶಟರ್ ವೇಗ 1/60ಕ್ಕೆ ಇಳಿಸಿ. ಮಳೆ ಎಳೆ ಎಳೆಯಾಗಿ ಕಾಣುತ್ತದೆ. ಕ್ಯಾಮೆರಾಗೊಂದು ಪ್ಲಾಸ್ಟಿಕ್ ಚೀಲ, ಲೆನ್ಸ್ ಒರೆಸಲು ಒಣ ಬಟ್ಟೆ, ತಲೆಯ ಮೇಲೊಂದು ಕೊಡೆ ಸಾಕು. ಉಳಿದದ್ದು ಕಾಯುವ ಕೆಲಸ. ಕಂಬಳಿಕೊಪ್ಪೆ ಹೊದ್ದು ದಿನವಿಡೀ ಗದ್ದೆಯಲ್ಲಿ ನಿಲ್ಲುವವರ ನಾಡಿನಲ್ಲಿ, ಒಂದು ಚಿತ್ರಕ್ಕಾಗಿ ಅರ್ಧ ಗಂಟೆ ನಿಲ್ಲಲಾರೆವೇ?

ಪುರವಣಿ ಸಂಪಾದಕರು, ಸ್ಪರ್ಧೆ ನಡೆಸುವವರು ಪ್ರತಿ ಚಿತ್ರಕ್ಕೂ ಒಂದು ಪ್ರಶ್ನೆ ಕೇಳಲಿ: ಇದನ್ನು ತೆಗೆದದ್ದು ಹೇಗೆ? ಉತ್ತರವನ್ನು ಚಿತ್ರದ ಅಡಿಯಲ್ಲೇ ಅಚ್ಚು ಹಾಕಲಿ. ಕಪ್ಪೆಯನ್ನು ಹಿಡಿದು ಕೂರಿಸಿದ್ದರೆ ‘ಹಿಡಿದು ಕೂರಿಸಿದ್ದು’ ಎಂದೇ ಬರೆಯಿರಿ. ಹಾಗೆ ಬರೆಯಲು ನಾಚಿಕೆಯಾದರೆ ಮುಟ್ಟಬೇಡಿ.