ನೆಲದೊಲೆಯ ಪಾಠ

ಅಡುಗೆಯೂ ಚರಿತ್ರೆಯ ವಿಷಯವೆಂದರೆ ನಮ್ಮ ತರಗತಿಯಲ್ಲಿ ಅನೇಕರು ನಕ್ಕಾರು. ರಾಜರ ಕಾಳಗಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾದ ನಾನೂ ಹಿಂದೆ ನಗುತ್ತಿದ್ದವನೇ. ಅಮೆರಿಕದ ವಾಯವ್ಯ ಭಾಗದ ಮೂಲನಿವಾಸಿಗಳ ನೆಲದೊಲೆಯ ವಿಚಾರವನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಅಲ್ಲಿಯ ಹುಲ್ಲುಗಾವಲುಗಳಲ್ಲಿ ಕ್ಯಾಮಸ್ ಎಂಬ ನೀಲಿ ಹೂವಿನ ಗಿಡ ಬೆಳೆಯುತ್ತದೆ. ಅದರ ಗಡ್ಡೆ ನೋಡಲು ಈರುಳ್ಳಿಯಂತಿದ್ದರೂ ಅದರಲ್ಲಿರುವ ಇನ್ಯುಲಿನ್ ಎಂಬ ಪದಾರ್ಥ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗದು. ಹೊರಗಿನವರು ನೆಜ್ ಪರ್ಸ್ ಎಂದು ಕರೆದ ನಿಮಿಪೂ ಜನರು ಗುಂಡಿ ತೋಡಿ, ಬೆಂಕಿಯಲ್ಲಿ ಕಲ್ಲು ಕಾಯಿಸಿ, ಹಸಿಹುಲ್ಲು ಹಾಸಿ, ಗಡ್ಡೆಗಳನ್ನಿಟ್ಟು, ಮತ್ತೆ ಹುಲ್ಲು ಹೊದಿಸಿ ಮಣ್ಣು ಮುಚ್ಚುತ್ತಿದ್ದರು. ಒಂದೆರಡು ದಿನಗಳ ಹದವಾದ ಕಾವಿನಲ್ಲಿ ಇನ್ಯುಲಿನ್ ಒಡೆದು ಹಣ್ಣಿನ ಸಕ್ಕರೆಯಾಗಿ, ಗಡ್ಡೆ ಕಪ್ಪಾಗಿ ಸಿಹಿಯಾಗುತ್ತಿತ್ತು. 1805ರ ಸೆಪ್ಟೆಂಬರಿನಲ್ಲಿ ಹಸಿದು ಬಂದ ಲೂಯಿಸ್ ಮತ್ತು ಕ್ಲಾರ್ಕರ ತಂಡಕ್ಕೆ ಆ ಜನರು ಒಣಮೀನಿನೊಡನೆ ಉಣಬಡಿಸಿದ್ದು ಈ ಗಡ್ಡೆಯನ್ನೇ.

ಅಂಥ ಒಲೆಗಳಿಂದ ಈಗ ಸಂಶೋಧಕರಿಗೆ ಸಿಕ್ಕುವುದು ಹೆಚ್ಚಾಗಿ ಸೀಳಿದ ಕಲ್ಲು, ಇದ್ದಿಲು, ಕಪ್ಪುಮಣ್ಣು. ಆದಕಾರಣ ಅವರು ತಾವೇ ಗುಂಡಿ ತೋಡಿ ಬೇಯಿಸಿ ನೋಡುತ್ತಾರೆ. ಎಷ್ಟು ಸೌದೆ ಬೇಕು, ಯಾವ ಕಲ್ಲು ಹೆಚ್ಚು ಹೊತ್ತು ಕಾವು ಹಿಡಿಯುತ್ತದೆ ಎಂಬುದನ್ನು ಅಳೆಯುತ್ತಾರೆ. ಇದೇ ಪ್ರಾಯೋಗಿಕ ಪುರಾತತ್ವ. ಊಹೆಗಿಂತ ಇದು ಉತ್ತಮವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಉಷ್ಣಮಾಪಕದ ಮಾತಿಗೂ ಒಂದು ಮಿತಿಯುಂಟು. ಕ್ಯಾಮಸನ್ನೇ ಹೋಲುವ ವಿಷದ ಗಡ್ಡೆಯೊಂದು ಅದೇ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಹೂವಿನ ಕಾಲದಲ್ಲೇ ಅದನ್ನು ಗುರುತಿಸಿಡುವ ಜಾಣ್ಮೆ ತಲೆಮಾರುಗಳಿಂದ ಗಡ್ಡೆ ಅಗೆದ ಹೆಂಗಸರದು. ರಜೆಯಲ್ಲಿ ಊರಿಗೆ ಹೋಗಿದ್ದಾಗ, ಬೂದಿಯಲ್ಲಿಟ್ಟ ಗೆಣಸು ಬೆಂದಿತೆಂದು ಹೇಗೆ ತಿಳಿಯುತ್ತದೆ ಎಂದು ನನ್ನ ಅಜ್ಜಿಯನ್ನು ಕೇಳಿದೆ. “ವಾಸನೆ ಹೇಳುತ್ತದಲ್ಲೋ!” ಎಂದಳು. ಇಂಥ ವಿದ್ಯೆಯನ್ನು ಕಲಿಯಬೇಕಾದರೆ ಸಂಶೋಧಕನು ಶಿಷ್ಯನಾಗಿಯೇ ಹೋಗಬೇಕು.

ಇನ್ನೊಂದು ಮಾತು. 1855ರ ಒಪ್ಪಂದವು ಯಾರೂ ನೆಲಸದ ಬಯಲುಗಳಲ್ಲಿ ಗಡ್ಡೆ ಅಗೆಯುವ ಹಕ್ಕನ್ನು ನಿಮಿಪೂ ಜನರಿಗೆ ಉಳಿಸಿತ್ತು. 1863ರ ಒಪ್ಪಂದವು ಅವರಿಗೆ ಮೀಸಲಾಗಿದ್ದ ನೆಲದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಕಸಿದುಕೊಂಡಿತು. ವಲಸೆಗಾರರು ಬಂದು ನೆಲಸಿದಂತೆಲ್ಲ ಕ್ಯಾಮಸಿನ ಬಯಲುಗಳು ನೇಗಿಲಿಗೂ ದನ ಹಂದಿಗಳಿಗೂ ತುತ್ತಾದವು. ಬಯಲು ಹೋಗಿ ಒಲೆಯೊಂದೇ ಮರಳಿದರೆ ಅದು ಪ್ರದರ್ಶನವಾದೀತು, ಪುನರುಜ್ಜೀವನವಾಗದು. ಕಲ್ಲು ಎಷ್ಟು ಕಾದಿತ್ತೆಂಬುದನ್ನು ಅಳೆಯುವವರು, ಆ ಕಲ್ಲನ್ನು ಕಾಯಿಸಿದವರ ಮಕ್ಕಳಿಗೆ ಅಗೆಯಲು ನೆಲವಿದೆಯೇ ಎಂಬುದನ್ನೂ ಕೇಳಬೇಕೆಂದು ನನ್ನ ಅಭಿಪ್ರಾಯ.